ತ್ಯಾಗಕ್ಕೆ ಮೊದಲಿನ ಸಿದ್ಧತೆ: ಆಚಾರ್ಯ ಶ್ರೀ ಶಾಂತಿಸಾಗರರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಶ್ರಾವಕರಿಗೆ ಕೊಪಣ ತೀರ್ಥದ ಮಹಿಮೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಅಲ್ಲಿಯ ಬಂಡೆಗಳ ಶಾಸನಗಳು ಸನ್ಯಸನವಿಧಿಯಿಂದ ದೇಹವನ್ನು ತೊರೆದವರನ್ನು ಸ್ಮರಿಸುತ್ತವೆ. ಆದರೆ ಶಾಸನವು ಹೇಳುವುದು ಕೊನೆಯ ತ್ಯಾಗವನ್ನು ಮಾತ್ರ. ಅದಕ್ಕೆ ಹಿಂದೆ ಎಷ್ಟು ವರ್ಷಗಳ ಕಾಲ ಯಾವ ಯಾವ ಅಭ್ಯಾಸಗಳನ್ನು ಅವರು ಕಳಚುತ್ತ ಬಂದರೆಂಬುದು ಕಲ್ಲಿನ ಮೇಲೆ ಇಲ್ಲ. ಅದನ್ನು ಅರಿಯಲು ಈ ಕಾಲಕ್ಕೆ ಸಮೀಪದವರಾದ ಆಚಾರ್ಯ ಶಾಂತಿಸಾಗರರ ಚರಿತ್ರೆಯನ್ನು ನೋಡಬೇಕು. ಬೀಡಿ ಸಿಗರೇಟುಗಳನ್ನು ಬಿಡಬೇಕೆಂದು ನಿಶ್ಚಯಿಸಿಯೂ ಬಿಡಲಾರದೆ ಬಳಲುವ ಗೃಹಸ್ಥನಿಗೆ ಆ ಚರಿತ್ರೆಯ ಪೂರ್ವಾರ್ಧವೇ ಹೆಚ್ಚು ಉಪಯುಕ್ತವಾದುದು.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮವು ದೂಧಗಂಗಾ ವೇದಗಂಗಾ ನದಿಗಳ ಸಂಗಮದ ಬಳಿಯಿದೆ. ಸುತ್ತಣ ನಿಪ್ಪಾಣಿ ಸೀಮೆ ತಂಬಾಕಿನ ಬೆಳೆಗೂ ವ್ಯಾಪಾರಕ್ಕೂ ಹೆಸರಾದುದು. ಆ ಊರಿನ ಪಾಟೀಲ ಭೀಮಗೌಡ ಮತ್ತು ಸತ್ಯವತಿಯವರ ಮಗನಾಗಿ 1872ರಲ್ಲಿ ಹುಟ್ಟಿದವರು ಸಾತಗೌಡರು. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿ ವಿವಾಹವಾಯಿತು. ಬಾಲವಧು ಬೇಗನೆ ತೀರಿಕೊಂಡಳು. ಮರುವಿವಾಹಕ್ಕೆ ಅವರು ಒಪ್ಪಲಿಲ್ಲ. ಹದಿನೆಂಟರ ಪ್ರಾಯದಲ್ಲಿಯೇ ಬ್ರಹ್ಮಚರ್ಯವ್ರತವನ್ನು ಸ್ವೀಕರಿಸಿದರು. ಮುನಿದೀಕ್ಷೆಯ ಹಂಬಲವೂ ಇತ್ತು. ಆದರೆ ತಾವು ಬದುಕಿರುವವರೆಗೆ ಮನೆಯಲ್ಲಿಯೇ ಇರಬೇಕೆಂದು ತಂದೆ ತಾಯಿಗಳು ಬಯಸಿದರು. ಸಾತಗೌಡರು ಉಳಿದರು.

ಆ ಕಾಯುವಿಕೆ ಬರಿದಾಗಲಿಲ್ಲ. ಅಂಗಡಿಯಲ್ಲಿ ಬಟ್ಟೆಯ ವ್ಯಾಪಾರ, ಹೊಲದಲ್ಲಿ ಒಕ್ಕಲುತನ, ಇವುಗಳ ನಡುವೆಯೇ ನಾಲಗೆಯನ್ನು ಹದಕ್ಕೆ ತಂದರು. ಮೂವತ್ತೆರಡನೆಯ ವಯಸ್ಸಿನಲ್ಲಿ ಸಮ್ಮೇದ ಶಿಖರಜಿಯ ಯಾತ್ರೆ ಮಾಡಿದಾಗ ತುಪ್ಪವನ್ನೂ ಎಣ್ಣೆಯನ್ನೂ ತ್ಯಜಿಸಿದರು. ಊರಿಗೆ ಮರಳಿದ ಮೇಲೆ ಒಪ್ಪೊತ್ತಿನ ಊಟವನ್ನು ನಿಯಮವಾಗಿಸಿಕೊಂಡರು. ಪಾಟೀಲರ ಮನೆಯಲ್ಲಿ ತುಪ್ಪಕ್ಕೇನು ಬಡತನ? ಬೇಡದ ಪದಾರ್ಥವನ್ನು ಬಿಟ್ಟು ವ್ರತಿಯೆನಿಸಿಕೊಳ್ಳುವುದು ಸುಲಭ. ಅವರು ಬಿಟ್ಟದ್ದು ದಿನನಿತ್ಯದ ರುಚಿಯನ್ನು.

ಸಮಂತಭದ್ರಾಚಾರ್ಯರು ಶ್ರಾವಕರಿಗೆ ತೋರಿಸಿದ ದಾರಿಯೂ ಇದೇ. ಕಾಲದ ಮಿತಿಯುಳ್ಳ ತ್ಯಾಗ ನಿಯಮ. ಜೀವಾವಧಿಯ ತ್ಯಾಗ ಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು ಎಂದು ಭೋಗಕ್ಕೆ ಗಡುವು ಹಾಕುವುದನ್ನು ಶ್ರಾವಕನು ಮೊದಲು ಕಲಿಯುತ್ತಾನೆ. ಧೂಮಪಾನ ಬಿಡುವವನಿಗೆ ಈ ಕ್ರಮ ಎಷ್ಟು ಒಪ್ಪುತ್ತದೆಂಬುದು ವಿಚಾರಾರ್ಹ. ತಂಬಾಕಿನ ನಿಕೋಟಿನ್ ತಪ್ಪಿದಾಗ ಚಡಪಡಿಕೆ, ಸಿಡುಕು, ನಿದ್ರಾಭಂಗಗಳು ಮೊದಲ ಮೂರು ನಾಲ್ಕು ದಿನ ತೀವ್ರವಾಗಿದ್ದು ಕೆಲವು ವಾರಗಳಲ್ಲಿ ಇಳಿಯುತ್ತವೆ. ಒಂದು ಪಕ್ಷದ ನಿಯಮವನ್ನು ಹಿಡಿದವನು ಆ ಕಠಿಣ ದಿನಗಳನ್ನು ದಾಟಿಯೇ ಇರುತ್ತಾನೆ. ದಿನವನ್ನು ಮೊದಲೇ ಗೊತ್ತುಪಡಿಸಿ, ಮನೆಯವರಿಗೆ ತಿಳಿಸಿ, ಬೀಡಿಯ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಜೇಬಿನಿಂದ ದೂರ ಮಾಡಿದರೆ ಸಿದ್ಧತೆ ಇನ್ನಷ್ಟು ಗಟ್ಟಿಯಾಗುತ್ತದೆ.

ತಂದೆ ತಾಯಿಗಳು ಗತಿಸಿದ ನಂತರ ಸಾತಗೌಡರು 1915ರಲ್ಲಿ ಉತ್ತೂರಿನಲ್ಲಿ ದೇವೇಂದ್ರಕೀರ್ತಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ಗಿರನಾರದಲ್ಲಿ ಐಲಕರಾದರು. 1920ರಲ್ಲಿ ಯರನಾಳದಲ್ಲಿ ಮುನಿಗಳಾದರು. ಹದಿನೆಂಟರಲ್ಲಿ ಹುಟ್ಟಿದ ಹಂಬಲ ಕೈಗೂಡುವಾಗ ವಯಸ್ಸು ಐವತ್ತರ ಸಮೀಪಕ್ಕೆ ಬಂದಿತ್ತು. 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದವಿ ಬಂದಿತು. ಮುಂದಿನ ವಿಹಾರಗಳೂ ದೀರ್ಘ ಉಪವಾಸಗಳೂ ಸಮಾಜಕ್ಕೆ ಚಿರಪರಿಚಿತವಾದವು.

ವೃದ್ಧಾಪ್ಯದಲ್ಲಿ ದೃಷ್ಟಿ ಮಂದವಾಯಿತು. ನಡೆಯುವ ನೆಲದ ಮೇಲಿನ ಜೀವಗಳು ಕಾಣದಿದ್ದರೆ ಈರ್ಯಾಸಮಿತಿ ಸಾಗುವುದೆಂತು? 1955ರ ಆಗಸ್ಟ್ 14ರಂದು ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಆರಂಭಿಸಿದರು. ಮೊದಲು ನೀರನ್ನು ಮಾತ್ರ ಉಳಿಸಿಕೊಂಡು, ಬಳಿಕ ಅದನ್ನೂ ಬಿಟ್ಟರು. ಆಚಾರ್ಯಪದವನ್ನು ಶಿಷ್ಯರಾದ ವೀರಸಾಗರರಿಗೆ ಒಪ್ಪಿಸಿ, ಮೂವತ್ತಾರನೆಯ ದಿನವಾದ ಸೆಪ್ಟೆಂಬರ್ 18ರ ಬೆಳಗ್ಗೆ ದೇಹತ್ಯಾಗ ಮಾಡಿದರು.