ಕುಲುಮೆಯ ಸಹಾಬಿ ಹ. ಖಬ್ಬಾಬ್ ಬಿನ್ ಅರತ್ತ್(ರ)

ಅಜ್ಞಾನ ಕಾಲದ ಮಕ್ಕಾದಲ್ಲಿ ವ್ಯಾಪಾರಕ್ಕಿದ್ದ ಗೌರವ ಕೈಕಸುಬಿಗೆ ಇರಲಿಲ್ಲ. ಕುರೈಶ್ ಮುಖಂಡರು ಸಿರಿಯಾ ಮತ್ತು ಯಮನ್‌ಗೆ ಸರಕು ಸಾಗಿಸಿ ಶ್ರೀಮಂತರಾದರು. ಅವರ ಸೊಂಟದಲ್ಲಿ ತೂಗುತ್ತಿದ್ದ ಖಡ್ಗವನ್ನು ಬಡಿದು ರೂಪಿಸಿದವನನ್ನು ಮಾತ್ರ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಹ. ಖಬ್ಬಾಬ್ ಬಿನ್ ಅರತ್ತ್(ರ) ಅಂತಹ ಒಬ್ಬ ಕಮ್ಮಾರರು. ಸೆರೆಯಾಳಾಗಿ ಮಕ್ಕಾದಲ್ಲಿ ಮಾರಲ್ಪಟ್ಟ ಅವರಿಗೆ ಖುಝಾಅ ಗೋತ್ರದ ಉಮ್ಮು ಅನ್ಮಾರ್ ಎಂಬಾಕೆ ಒಡತಿಯಾಗಿದ್ದಳು.

ಹಳ್ಳಿಯ ಕುಲುಮೆಯ ಬಳಿ ಕುಡುಗೋಲಿಗಾಗಿ ಕಾದು ನಿಂತವರಿಗೆ ಈ ಕೆಲಸದ ಕಷ್ಟ ಗೊತ್ತು. ತಿದಿಯೊತ್ತಿ ಕೆಂಡವನ್ನು ಕೆರಳಿಸಬೇಕು. ಕಬ್ಬಿಣ ಕೆಂಪೇರಿದಾಗ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಬಡಿಯಬೇಕು. ತಣ್ಣಗಾದರೆ ಮತ್ತೆ ಬೆಂಕಿಗೆ, ಮತ್ತೆ ಸುತ್ತಿಗೆಗೆ. ಉದ್ದನೆಯ ಅಲಗು ಎಲ್ಲೂ ಸೊಟ್ಟಗಾಗದಂತೆ, ಒಂದೆಡೆ ದಪ್ಪ ಇನ್ನೊಂದೆಡೆ ತೆಳುವಾಗದಂತೆ ಎಳೆಯುವುದಕ್ಕೆ ಕಣ್ಣೂ ಕೈಯೂ ಒಂದಾಗಬೇಕು. ಕೊನೆಗೆ ಹದ ಕೊಡುವ ಗಳಿಗೆ. ಕಾವು ಮಿತಿಮೀರಿದ್ದರೆ ಅಲಗು ಸೀಳುತ್ತದೆ, ಸಾಲದಿದ್ದರೆ ಮೆತ್ತಗಾಗಿ ಮೊದಲ ಹೊಡೆತಕ್ಕೇ ಬಾಗುತ್ತದೆ. ಆಮೇಲೆ ಸಾಣೆ, ಹಿಡಿ, ಒರೆ. ಅರಬರು ಒಳ್ಳೆಯ ಖಡ್ಗವನ್ನು ‘ಮುಹನ್ನದ್’ ಎಂದು ಹೊಗಳುತ್ತಿದ್ದರು, ಅಂದರೆ ಹಿಂದ್ ದೇಶದ್ದು. ಹಿಂದ್‌ನ ಉಕ್ಕಿಗೆ ಯುರೋಪಿನವರು ಮುಂದೆ ಇಟ್ಟ ‘ವೂಟ್ಸ್’ ಎಂಬ ಹೆಸರು ನಮ್ಮ ಕನ್ನಡದ ಉಕ್ಕು ಎಂಬ ಪದದಿಂದಲೇ ಹುಟ್ಟಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಪ್ರವಾದಿವರ್ಯರು(ಸ) ಸತ್ಯಸಂದೇಶವನ್ನು ಸಾರಿದಾಗ ಅದಕ್ಕೆ ಓಗೊಟ್ಟ ಮೊದಲಿಗರಲ್ಲಿ ಖಬ್ಬಾಬ್(ರ) ಒಬ್ಬರು. ಬೆನ್ನಿಗೆ ನಿಲ್ಲಲು ಕುಲವಿಲ್ಲ, ಬಂಧುಗಳಿಲ್ಲ. ಆದರೂ ಅವರು ತಮ್ಮ ವಿಶ್ವಾಸವನ್ನು ಬಚ್ಚಿಡಲಿಲ್ಲ. ಪ್ರವಾದಿವರ್ಯರು(ಸ) ಅವರಲ್ಲಿಗೆ ಬಂದು ಹೋಗುತ್ತಿದ್ದ ಸುದ್ದಿ ಒಡತಿಯ ಕಿವಿಗೆ ಬಿದ್ದಾಗ ಆಕೆ ಕಾದ ಕಬ್ಬಿಣವನ್ನು ಅವರ ತಲೆಯ ಮೇಲಿಟ್ಟಳು. ಕುರೈಶರು ಉರಿಯುವ ಕೆಂಡದ ಮೇಲೆ ಅವರನ್ನು ಅಂಗಾತ ಮಲಗಿಸಿದರು. ಬೆನ್ನಿನ ಕೊಬ್ಬು ಕರಗಿಯೇ ಆ ಕೆಂಡ ಆರಿತು. ಅನ್ನ ಕೊಡುತ್ತಿದ್ದ ಬೆಂಕಿ ಮತ್ತು ಕಬ್ಬಿಣಗಳೇ ಅವರ ಮೈಯನ್ನು ಸುಡುವ ಸಾಧನಗಳಾದವು.

ಮೈಗೆ ಕೊಟ್ಟ ಹಿಂಸೆ ಒಂದು ಬಗೆ, ದುಡಿದವನ ಕೂಲಿಯನ್ನು ತಡೆಹಿಡಿಯುವುದು ಇನ್ನೊಂದು ಬಗೆ. ಆಸ್ ಬಿನ್ ವಾಇಲ್ ಸಹ್ಮ್ ಗೋತ್ರದ ಮುಖಂಡ. ಖಬ್ಬಾಬ್(ರ) ಅವನಿಗೊಂದು ಖಡ್ಗ ಮಾಡಿಕೊಟ್ಟಿದ್ದರು. ಹಣ ಕೇಳಲು ಹೋದಾಗ, ಮುಹಮ್ಮದ್‌ರನ್ನು(ಸ) ನಿರಾಕರಿಸುವ ತನಕ ಬಿಡಿಗಾಸೂ ಕೊಡುವುದಿಲ್ಲವೆಂದು ಆತ ಹೇಳಿದ. ನೀನು ಸತ್ತು ಮತ್ತೆ ಎಬ್ಬಿಸಲ್ಪಟ್ಟರೂ ನಾನು ನಿರಾಕರಿಸಲಾರೆನೆಂದು ಖಬ್ಬಾಬ್(ರ) ಉತ್ತರಿಸಿದರು. ಆತನಿಗೆ ಅದೊಂದು ತಮಾಷೆಯಾಯಿತು. ಹಾಗಾದರೆ ಸತ್ತು ಎದ್ದ ಮೇಲೆ ತನಗೆ ಅಲ್ಲಿಯೂ ಧನ, ಸಂತಾನಗಳಿರುತ್ತವೆ, ಆಗಲೇ ಬಾಕಿ ತೀರಿಸುತ್ತೇನೆಂದು ಗೇಲಿ ಮಾಡಿದ. ಖಬ್ಬಾಬ್(ರ) ಬರಿಗೈಯಲ್ಲಿ ಮರಳಿದರು. ಸೂರಃ ಮರ್ಯಮ್‌ನ 77ರಿಂದ 80ರ ತನಕದ ಸೂಕ್ತಗಳು ಅವತೀರ್ಣವಾದುದು ಈ ಸಂದರ್ಭದಲ್ಲಿ. ಒಂದು ಖಡ್ಗದ ಬೆಲೆಗಾಗಿ ಅಲೆದ ಒಬ್ಬ ಕಮ್ಮಾರನ ಬಾಕಿಯ ಪ್ರಕರಣ ಪವಿತ್ರ ಕುರ್‌ಆನ್‌ನಲ್ಲಿ ಸೇರಿತು!

ಇವನೇ ಆಸ್ ಹಿಂದೊಮ್ಮೆ, ಸುಮಾರು 590ರಲ್ಲಿ, ಯಮನ್‌ನ ಒಬ್ಬ ವ್ಯಾಪಾರಿಯಿಂದ ಸರಕು ಪಡೆದು ಹಣ ಕೊಡದೆ ಸತಾಯಿಸಿದ್ದ. ಆ ಪರದೇಶಿಯ ಮೊರೆ ಕೇಳಿ ಕೆಲವು ಗೋತ್ರದವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನ ಹಕ್ಕು ಮರಳಿಸುವವರೆಗೆ ಒಂದಾಗಿ ನಿಲ್ಲುವ ಪ್ರತಿಜ್ಞೆ ಕೈಗೊಂಡರು. ಅದೇ ಹಿಲ್ಫುಲ್ ಫುಝೂಲ್. ಯುವಕರಾಗಿದ್ದ ಪ್ರವಾದಿವರ್ಯರೂ(ಸ) ಅದರಲ್ಲಿ ಪಾಲ್ಗೊಂಡಿದ್ದರು. ಅಂತಹ ಒಪ್ಪಂದಕ್ಕೆ ಈಗ ಕರೆದರೂ ಹೋಗುವೆನೆಂದು ಅವರು ಮುಂದೆಯೂ ಹೇಳಿದ್ದುಂಟು. ಕೂಲಿ ಉಳಿಸಿಕೊಳ್ಳುವುದನ್ನು ಸಣ್ಣ ವಿಷಯವೆಂದು ಭಾವಿಸುವವರು ಈ ಘಟನೆಯನ್ನು ಓದಬೇಕು.

ಒಮ್ಮೆ ಪ್ರವಾದಿವರ್ಯರು(ಸ) ಕಅಬಾದ ನೆರಳಿನಲ್ಲಿ ಒರಗಿ ಕುಳಿತಿದ್ದಾಗ ಖಬ್ಬಾಬ್(ರ) ಮತ್ತಿತರರು ತಮಗಾಗಿ ಪ್ರಾರ್ಥಿಸಬಾರದೇ ಎಂದು ಅಳಲು ತೋಡಿಕೊಂಡರು. ಪೂರ್ವಿಕರಲ್ಲಿ ಕೆಲವರನ್ನು ಗರಗಸದಿಂದ ಸೀಳಲಾಯಿತು, ಕಬ್ಬಿಣದ ಬಾಚಣಿಗೆಯಿಂದ ಮಾಂಸ ಕೀಳಲಾಯಿತು, ಆದರೂ ಅವರು ಧರ್ಮ ತೊರೆಯಲಿಲ್ಲವೆಂದು ಪ್ರವಾದಿವರ್ಯರು(ಸ) ನೆನಪಿಸಿದರು. ಸನ್ಆದಿಂದ ಹಝ್ರಮೌತ್‌ವರೆಗೆ ಪ್ರಯಾಣಿಕನು ಅಲ್ಲಾಹನ ಹೊರತು ಯಾರಿಗೂ ಅಂಜದೆ ಸಾಗುವ ಕಾಲ ಬರಲಿದೆ, ನೀವು ಆತುರಪಡುತ್ತೀರಿ ಎಂದರು.

ಹ. ಉಮರ್(ರ) ಖಡ್ಗ ಹಿಡಿದು ತಂಗಿ ಫಾತಿಮಾರ(ರ) ಮನೆಗೆ ನುಗ್ಗಿದಾಗ ಒಳಗೆ ಕುರ್‌ಆನ್ ಕಲಿಸುತ್ತಿದ್ದವರು ಖಬ್ಬಾಬರೇ(ರ). ಆ ಕಥೆ ಎಲ್ಲರಿಗೂ ತಿಳಿದದ್ದೇ. ಹಿಜ್‌ರತ್‌ನ ಬಳಿಕ ಅವರು ಬದ್ರ್ ಮೊದಲಾದ ಯುದ್ಧಗಳಲ್ಲಿ ಪಾಲ್ಗೊಂಡರು. ಉಮರ್(ರ) ಖಲೀಫರಾಗಿದ್ದಾಗ ಅವರನ್ನು ಹತ್ತಿರ ಕೂರಿಸಿಕೊಂಡರು, ಖಬ್ಬಾಬ್(ರ) ಬೆನ್ನಿನ ಕಲೆಗಳನ್ನು ತೋರಿಸಿದರು.

ಕೊನೆಯ ದಿನಗಳನ್ನು ಅವರು ಕೂಫಾದಲ್ಲಿ ಕಳೆದರು. ಆಗ ಬಡತನವಿರಲಿಲ್ಲ. ಒಂದು ದಿರ್ಹಮ್ ಕೂಡ ಇಲ್ಲದ ದಿನಗಳನ್ನು ಕಂಡಿದ್ದವರ ಮನೆಯ ಮೂಲೆಯಲ್ಲಿ 40,000 ದಿರ್ಹಮ್‌ಗಳಿದ್ದವು. ಆದರೆ ಅದು ಅವರಿಗೆ ನೆಮ್ಮದಿ ತರಲಿಲ್ಲ. ಕಾಯಿಲೆಗೆ ಹೊಟ್ಟೆಯ ಮೇಲೆ ಏಳು ಬರೆ ಹಾಕಿಸಿಕೊಂಡು ಮಲಗಿದ್ದ ಅವರಿಗೆ ಹಳೆಯ ಸಂಗಾತಿಗಳ ನೆನಪು ಕಾಡುತ್ತಿತ್ತು. ಉಹುದ್‌ನಲ್ಲಿ (ಕ್ರಿ.ಶ. 625) ಹುತಾತ್ಮರಾದ ಹ. ಮುಸ್ಅಬ್(ರ) ಬಿಟ್ಟುಹೋದದ್ದು ಒಂದು ಹೊದಿಕೆ ಮಾತ್ರ. ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು, ಕಾಲು ಮುಚ್ಚಿದರೆ ತಲೆ. ಕೊನೆಗೆ ಕಾಲಿನ ಮೇಲೆ ಇಝ್‌ಖಿರ್ ಹುಲ್ಲು ಹೊದಿಸಿದರು. ಅವರೆಲ್ಲ ತಮ್ಮ ಕೂಲಿಯಲ್ಲಿ ಏನನ್ನೂ ಇಲ್ಲಿ ಪಡೆಯದೆ ಹೋದರು, ನಮ್ಮ ಹಣ್ಣು ಮಾತ್ರ ಇಲ್ಲೇ ಮಾಗಿತು, ನಾವು ಕೊಯ್ಯುತ್ತಿದ್ದೇವೆ ಎಂದು ಖಬ್ಬಾಬ್(ರ) ಹೇಳುತ್ತಿದ್ದರು. ತಮಗಾಗಿ ತಂದ ಕಫನ್ ಬಟ್ಟೆಯನ್ನು ಕಂಡು ಅವರು ಅತ್ತರು. ಹ. ಹಂಝರಿಗೆ(ರ) ಸಿಕ್ಕಿದ್ದು ಮೈಗೂ ಸಾಲದ ಹೊದಿಕೆ. ಆಸ್‌ನ ಬಾಗಿಲಲ್ಲಿ ಖಡ್ಗದ ಬೆಲೆಗಾಗಿ ನಿಂತಿದ್ದ ವ್ಯಕ್ತಿ ಈಗ ತನ್ನ ಕೂಲಿ ಮೊದಲೇ ಸಂದುಬಿಟ್ಟಿತೇನೋ ಎಂದು ಅಂಜುತ್ತಿದ್ದರು.

ಹಿಜ್‌ರಿ 37ರಲ್ಲಿ (ಕ್ರಿ.ಶ. 657) ಅವರು ನಿಧನರಾದರು. ಕೂಫಾದವರು ಮೃತರನ್ನು ಮನೆಯಂಗಳದಲ್ಲೇ ದಫನ ಮಾಡುತ್ತಿದ್ದರು. ಖಬ್ಬಾಬ್(ರ) ತಮ್ಮನ್ನು ಊರ ಹೊರಗೆ ದಫನ ಮಾಡಲು ವಸಿಯ್ಯತ್ ಮಾಡಿದ್ದರು. ಸಿಫ್ಫೀನ್‌ನಿಂದ ಮರಳುತ್ತಿದ್ದ ಹ. ಅಲಿ(ರ) ಆ ಕಬ್ರ್‌ನ ಬಳಿ ನಿಂತು ಅವರಿಗಾಗಿ ಪ್ರಾರ್ಥಿಸಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ.