ಕಾರವಾರದ ಕಡಲು ಮತ್ತು ರವೀಂದ್ರರು

1861ರ ಮೇ 7ರಂದು ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಮಹರ್ಷಿ ದೇವೇಂದ್ರನಾಥ ಠಾಕೂರರ ಮಗನಾಗಿ ಜನಿಸಿದ ರವೀಂದ್ರನಾಥರ ಬಾಳಿನಲ್ಲಿ ಪಶ್ಚಿಮ ಭಾರತದ ಎರಡು ಊರುಗಳಿಗೆ ವಿಶೇಷ ಸ್ಥಾನವಿದೆ: ಅಹಮದಾಬಾದ್ ಮತ್ತು ಕಾರವಾರ. ಈ ಎರಡಕ್ಕೂ ಅವರು ಬಂದುದು ಅಣ್ಣ ಸತ್ಯೇಂದ್ರನಾಥರ ನಿಮಿತ್ತವಾಗಿ. ಐ.ಸಿ.ಎಸ್. ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥರು ಮುಂಬಯಿ ಪ್ರಾಂತದಲ್ಲಿ ನ್ಯಾಯಾಧೀಶರಾಗಿದ್ದರು. 1878ರಲ್ಲಿ, ಇಂಗ್ಲೆಂಡಿಗೆ ತೆರಳುವ ಮುನ್ನ, ರವೀಂದ್ರರು ಸಾಬರಮತಿಯ ದಡದ ಶಾಹಿಬಾಗ್ ಅರಮನೆಯಲ್ಲಿ ಅಣ್ಣನೊಡನೆ ತಂಗಿದ್ದರು. ಮುಂದೆ ಬರೆದ 'ಕ್ಷುಧಿತ ಪಾಷಾಣ' ಕತೆಯ ಬೀಜ ಅಲ್ಲಿಯ ನಿರ್ಜನ ಕೋಣೆಗಳಲ್ಲಿದೆ.

ಐದು ವರ್ಷಗಳ ಬಳಿಕ ಅವರು ಕಂಡ ಕಾರವಾರ ಬೇರೆಯೇ ಬಗೆಯದು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಡಲಂಚಿನ ಈ ಸಣ್ಣ ಊರು ಜಿಲ್ಲೆಯ ಮುಖ್ಯಸ್ಥಳವಾಗಿ ಬೆಳೆಯತೊಡಗಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಇಲ್ಲಿಂದ ಹಡಗಿಗೇರಿಸುವ ಆಸೆಯೂ ಆಳುವವರಿಗಿತ್ತು. ಆದರೆ 1880ರ ದಶಕದಲ್ಲಿ ರೈಲು ಗೋವೆಯ ಮೊರ್ಮುಗಾವಿನ ಹಾದಿ ಹಿಡಿಯಿತು. ಕಚೇರಿ, ನ್ಯಾಯಾಲಯಗಳು ಬಂದಿದ್ದರೂ ಊರು ತನ್ನ ಏಕಾಂತವನ್ನು ಕಳೆದುಕೊಂಡಿರಲಿಲ್ಲ.

1883ರಲ್ಲಿ ಇಪ್ಪತ್ತೆರಡರ ರವೀಂದ್ರರು ಕುಟುಂಬದವರೊಡನೆ ಇಲ್ಲಿಗೆ ಬಂದರು. ಅರ್ಧಚಂದ್ರಾಕಾರದ ತೀರ, ಗಾಳಿಮರಗಳ ತೋಪು, ಗುಡ್ಡಗಳ ನಡುವಿನಿಂದ ಬಂದು ಕಡಲು ಸೇರುವ ಕಾಳಿ ನದಿ ಅವರ ಮನಸ್ಸನ್ನು ಸೆಳೆದವು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ನದಿಯ ಮೇಲ್ಗಡೆಗೆ ಸಾಗಿ, ಹಳೆಯ ಗಿರಿದುರ್ಗವೊಂದನ್ನು ಕಂಡು, ರೈತನೊಬ್ಬನ ಮನೆಯ ಸಾರಿಸಿದ ಅಂಗಳದಲ್ಲಿ ಕುಳಿತು ಬುತ್ತಿಯುಂಡರು. ಹಿಂದಿರುಗುವಾಗ ನದೀಮುಖದಲ್ಲಿ ಇಳಿದು, ನಿಶ್ಶಬ್ದವಾದ ಮರಳಿನ ಮೇಲೆ ನಡೆದು ಮನೆ ಸೇರಿದರು. 1912ರಲ್ಲಿ ಪುಸ್ತಕವಾಗಿ ಬಂದ 'ಜೀವನಸ್ಮೃತಿ'ಯಲ್ಲಿ ಈ ರಾತ್ರಿ ಮಾಸದೆ ಉಳಿದಿದೆ.

ಕಾರವಾರದಲ್ಲಿಯೇ ಅವರು 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದರು. ಪ್ರಕೃತಿಯನ್ನು ಗೆದ್ದೆನೆಂದು ಗುಹೆಯಿಂದ ಹೊರಬಂದ ಸನ್ಯಾಸಿಯನ್ನು, ಸಮಾಜವು ಹೊರಗಿಟ್ಟ ರಘುವಿನ ಅನಾಥ ಮಗಳೊಬ್ಬಳು ಪ್ರೀತಿಯಿಂದ ಲೋಕಕ್ಕೆ ಎಳೆಯುತ್ತಾಳೆ. ಹೆದರಿ ಅವಳನ್ನು ತೊರೆದ ಅವನು ಮರಳಿ ಹುಡುಕುವ ವೇಳೆಗೆ ಅವಳಿಲ್ಲ. ಅಸೀಮವು ಸೀಮಿತದಲ್ಲಿಯೇ ದೊರಕುತ್ತದೆಂಬ ಈ ದರ್ಶನವನ್ನು ಕವಿಯೇ ತಮ್ಮ ಮುಂದಿನ ಸಾಹಿತ್ಯಕ್ಕೆ ಪೀಠಿಕೆಯೆಂದು ಪರಿಗಣಿಸಿದರು. 1883ರ ಡಿಸೆಂಬರ್ 9ರಂದು ಅವರ ವಿವಾಹವಾಯಿತು. ನಾಟಕ ಅಚ್ಚಾದ 1884ರಲ್ಲಿಯೇ, ಏಪ್ರಿಲ್ ತಿಂಗಳಿನಲ್ಲಿ, ಬಾಲ್ಯದ ಒಡನಾಡಿಯಾದ ಅತ್ತಿಗೆ ಕಾದಂಬರೀದೇವಿ ತೀರಿಕೊಂಡರು. ಕಡಲ ತೀರದಲ್ಲಿ ಕಲ್ಪಿಸಿದ ಅಗಲಿಕೆ ಕವಿಯ ಮನೆಯ ಅನುಭವವಾಯಿತು.

ಈ ವಾಸ್ತವ್ಯವನ್ನು ಅದರ ಮಿತಿಯೊಡನೆಯೇ ನೋಡಬೇಕಾಗುತ್ತದೆ. ನ್ಯಾಯಾಧೀಶರ ಮನೆಯ ಅತಿಥಿಗೆ ಈ ನೆಲವು ಸಂಸ್ಕೃತ ಕಾವ್ಯದ ಏಲಕ್ಕಿ, ಶ್ರೀಗಂಧಗಳ ಮಲಯ ಪರ್ವತವಾಗಿ ತೋರಿತು. ಇಲ್ಲಿಯ ಕನ್ನಡ, ಕೊಂಕಣಿ ಮಾತುಗಳಾಗಲಿ, ಮೀನುಗಾರರ, ಹಾಲಕ್ಕಿಗಳ ಬದುಕಾಗಲಿ ಆ ನೆನಪಿನೊಳಗೆ ಬಂದಿಲ್ಲ. ಬೆಳದಿಂಗಳಿನ ಅಂಗಳ ನೆನಪಿನಲ್ಲಿ ಉಳಿಯಿತು. ಅಂಗಳದ ಒಡೆಯನು ಹೆಸರಿಲ್ಲದೆ ಹೋದನು. ಆದರೂ ಆ ನಾಟಕದ ಕೇಂದ್ರದಲ್ಲಿರುವುದು ಯಾರೂ ಮುಟ್ಟಲೊಲ್ಲದ ಒಬ್ಬ ಬಾಲೆ ಎಂಬುದನ್ನು ಮರೆಯುವಂತಿಲ್ಲ. ತೀರದ ಜನರನ್ನು ಅರಿಯದ ತರುಣನು, ಕಡೆಗಣಿಸಲ್ಪಟ್ಟ ಮನುಷ್ಯನಿಲ್ಲದೆ ಮುಕ್ತಿಯಿಲ್ಲವೆಂಬುದನ್ನು ಆ ತೀರದಲ್ಲಿಯೇ ಅರಿತನು.

ರವೀಂದ್ರರು 1941ರ ಆಗಸ್ಟ್ 7ರಂದು ನಿಧನರಾದರು. ಕಾರವಾರದ ಕಡಲತೀರಕ್ಕೆ ಈಗ ಅವರ ಹೆಸರಿದೆ. ಅಂದು ತಪ್ಪಿಹೋದ ರೈಲು ಕೊಂಕಣ ರೈಲ್ವೆಯಾಗಿ 1990ರ ದಶಕದಲ್ಲಿ ಬಂದಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಹಲವು ಗ್ರಾಮಗಳ ಜನ ತಮ್ಮ ಮನೆ, ಅಂಗಳಗಳನ್ನು ಬಿಟ್ಟು ಹೋದರು. ಕವಿಯ ಹೆಸರನ್ನು ಉಳಿಸಿಕೊಂಡಿರುವ ಈ ತೀರದ ಚರಿತ್ರೆಯಲ್ಲಿ ಅವರ ಹೆಸರುಗಳೂ ಸೇರಬೇಕಾಗಿವೆ.