ಸಂತತಿನಿಯಮನದ ಆದ್ಯ ಪ್ರವರ್ತಕ ರಘುನಾಥ ಕರ್ವೆಯವರು

ಗಡಿನಾಡಿನ ಕನ್ನಡಿಗರಾದ ನಮಗೆ ಮರಾಠಿಯು ನೆರೆಮನೆಯ ನುಡಿ. ಆ ನುಡಿಯಲ್ಲಿ ಬರೆದು ಬಾಳಿದ ಮಹನೀಯರ ಚರಿತ್ರೆಯೂ ನಮಗೆ ಪರಕೀಯವಲ್ಲ. ಜತ್ತ ತಾಲೂಕಿನ ವಾಚಕರ ಮುಂದೆ ಅಂತಹ ಒಬ್ಬರ ಜೀವನವನ್ನು ಸಂಕ್ಷೇಪವಾಗಿ ಇಡುತ್ತಿದ್ದೇವೆ.

ರಘುನಾಥ ಧೋಂಡೋ ಕರ್ವೆಯವರು 1882ನೆಯ ಜನವರಿ 14ರಂದು ಕೊಂಕಣದ ಮುರುಡದಲ್ಲಿ ಜನಿಸಿದರು. ವಿಧವೆಯರ ವಿದ್ಯೆಗಾಗಿ ದೇಹ ಸವೆಸಿದ ಮಹರ್ಷಿ ಧೋಂಡೋ ಕೇಶವ ಕರ್ವೆಯವರೇ ಇವರ ತಂದೆ. ತಾಯಿ ರಾಧಾಬಾಯಿಯವರು 1891ರಲ್ಲಿ ಹೆರಿಗೆಯಲ್ಲಿ ತೀರಿಕೊಂಡರು. ಬಾಲಕನಿಗಾಗ ಒಂಬತ್ತು ವರ್ಷ. ಪುಣೆಯಲ್ಲಿ ಓದಿ ಗಣಿತದಲ್ಲಿ ಪ್ರಾವೀಣ್ಯ ಪಡೆದು, 1919ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ತೆರಳಿದರು.

1921ರಲ್ಲಿ ಮೇರಿ ಸ್ಟೋಪ್ಸ್ ಎಂಬ ವಿದುಷಿ ಲಂಡನ್ನಿನಲ್ಲಿ ಸಂತತಿನಿಯಮನದ ಚಿಕಿತ್ಸಾಲಯ ತೆರೆದರು. ಅದೇ ವರ್ಷ ಕರ್ವೆಯವರು ಮುಂಬಯಿಯಲ್ಲಿ ಭಾರತದ ಪ್ರಥಮ ಚಿಕಿತ್ಸಾಲಯವನ್ನು ಆರಂಭಿಸಿದರು. ಹೆರಬೇಕೇ, ಎಷ್ಟು ಬಾರಿ, ಯಾವಾಗ ಎಂಬುದನ್ನು ನಿರ್ಣಯಿಸುವ ಅಧಿಕಾರ ಹೆರುವವಳದೇ ಎಂಬುದು ಅವರ ಸಿದ್ಧಾಂತ. ಇದಕ್ಕೆ ಅವರು ತೆತ್ತ ಬೆಲೆ ಅಲ್ಪವಲ್ಲ. ಅವರು ಗಣಿತ ಬೋಧಿಸುತ್ತಿದ್ದ ವಿಲ್ಸನ್ ಕಾಲೇಜಿನ ಆಡಳಿತವು ಈ ಕಾರ್ಯವನ್ನು ಸಹಿಸದಾಗಿ, 1925ರಲ್ಲಿ ಅವರು ಹುದ್ದೆ ತೊರೆಯಬೇಕಾಯಿತು. ಪತ್ನಿ ಮಾಲತಿಬಾಯಿಯವರು ಕಷ್ಟದಲ್ಲಿ ಹೆಗಲೆಣೆಯಾಗಿ ನಿಂತರು. ಮಕ್ಕಳು ಬೇಡವೆಂದು ದಂಪತಿಗಳು ತಾವೇ ನಿಶ್ಚಯಿಸಿದ್ದರು.

1927ರ ಜುಲೈಯಲ್ಲಿ 'ಸಮಾಜಸ್ವಾಸ್ಥ್ಯ' ಮಾಸಪತ್ರಿಕೆ ಹುಟ್ಟಿತು. ನಾಚಿಕೆಯಿಂದ ವೈದ್ಯರನ್ನೂ ಕೇಳಲಾರದ ಪ್ರಶ್ನೆಗಳನ್ನು ವಾಚಕರು ಅದಕ್ಕೆ ಬರೆದರು. ಕರ್ವೆಯವರು ಶಾಸ್ತ್ರಸಮ್ಮತವಾಗಿ ಉತ್ತರಿಸಿದರು. ಸನಾತನಿಗಳು ಅದನ್ನು ಅಶ್ಲೀಲವೆಂದು ನ್ಯಾಯಾಲಯಕ್ಕೆಳೆದರು. 1931ರಲ್ಲಿ 100 ರೂಪಾಯಿ ದಂಡವಾಯಿತು. 1934ರಲ್ಲಿ ಮತ್ತೆ ಮೊಕದ್ದಮೆ ನಡೆದಾಗ ಡಾಕ್ಟರ್ ಬಾಬಾಸಾಹೇಬ ಅಂಬೇಡಕರರೇ ಅವರ ಪರವಾಗಿ ವಾದಿಸಿದರು. ಆದರೂ 200 ರೂಪಾಯಿ ದಂಡ ತಪ್ಪಲಿಲ್ಲ, ಪತ್ರಿಕೆಯೂ ನಿಲ್ಲಲಿಲ್ಲ.

ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿಯೊಂದುಂಟು. ಮುಂಬಯಿಯಲ್ಲಿ ಕರ್ವೆಯವರು ಏಕಾಂಗಿಯಾಗಿ ಹೆಣಗುತ್ತಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನವು 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಇಂತಹ ಚಿಕಿತ್ಸಾಲಯಗಳಿಗೆ ಆಜ್ಞೆಯಿತ್ತಿತು. ಆಗಿನ ದಿವಾನರು ಮಿರ್ಜಾ ಇಸ್ಮಾಯಿಲ್ ಸಾಹೇಬರು. ಹಿಂದೂ ದೊರೆ, ಮುಸಲ್ಮಾನ ದಿವಾನರಿದ್ದ ಆ ಆಡಳಿತಕ್ಕೆ ತಾಯಂದಿರ ಪ್ರಾಣರಕ್ಷಣೆಯಲ್ಲಿ ಧರ್ಮವು ಅಡ್ಡಬರಲಿಲ್ಲ. ಮುಂಬಯಿ ವಿಧಾನಸಭೆಯಲ್ಲಾದರೋ, ಅಂಬೇಡಕರರ ಪಕ್ಷವು 1938ರಲ್ಲಿ ತಂದ ಸಂತತಿನಿಯಮನದ ಠರಾವು ಬಿದ್ದುಹೋಯಿತು.

ಮಾಲತಿಬಾಯಿಯವರು 1944ರಲ್ಲಿ ಅಗಲಿದರು. ಸ್ವತಂತ್ರ ಭಾರತವು 1952ರಲ್ಲಿ ಕುಟುಂಬಯೋಜನೆಯನ್ನು ರಾಷ್ಟ್ರಕಾರ್ಯವಾಗಿ ಕೈಗೊಂಡುದನ್ನು ಕಂಡು, ಮರುವರ್ಷ ಅಕ್ಟೋಬರ 14ರಂದು ಕರ್ವೆಯವರು ಕಣ್ಮುಚ್ಚಿದರು.

ಈಗ ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಆದರೆ ನಿರ್ಣಯವು ಸೊಸೆಯದೋ, ಗಂಡನದೋ, ಅತ್ತೆಯದೋ ಎಂಬ ಪ್ರಶ್ನೆ ಮನೆಮನೆಯಲ್ಲಿ ಉಳಿದೇ ಇದೆ. ಅದಕ್ಕೆ ನ್ಯಾಯವಾದ ಉತ್ತರ ಕೊಡುವುದೇ ಕರ್ವೆಯವರಿಗೆ ನಾವು ಸಲ್ಲಿಸಬಹುದಾದ ಗೌರವ.